ಚಾರ್ಪಿ 150 ಜೌಲ್ ಇರುವ ಹಳೇ ಗ್ಯಾಸ್ ಲೈನು: ಸಿಒ2ಗೆ ಆದೀತೇ, ಹೈಡ್ರೋಜನ್‌ಗೆ ಆದೀತೇ?

ಕೊಳವೆಲೆಕ್ಕ:
ನೆಲದಡಿಯ ನೈಸರ್ಗಿಕ ಅನಿಲದ ಲೈನು. ಹೊರವ್ಯಾಸ 610 ಮಿ.ಮೀ., ಗೋಡೆ 9.5 ಮಿ.ಮೀ., ಉಕ್ಕು ಎಕ್ಸ್60 (ಕನಿಷ್ಠ ಯೀಲ್ಡ್ ಬಲ 415 ಎಂಪಿಎ). ಡಿಸೈನ್ ಫ್ಯಾಕ್ಟರ್ (ಆ ಬಲದಲ್ಲಿ ಬಳಸಲು ಬಿಡುವ ಪಾಲು) 0.72 ಹಿಡಿದರೆ ಗರಿಷ್ಠ ಒತ್ತಡ 93 ಬಾರ್ ಬರುತ್ತದೆ. ಚಾರ್ಪಿ (ಸುತ್ತಿಗೆ ಏಟಿಗೆ ಮುರಿಯುವಾಗ ಉಕ್ಕು ಹೀರುವ ಶಕ್ತಿ) ಸರಾಸರಿ 150 ಜೌಲ್. ಇದರಲ್ಲಿ ಸಿಒ2ವನ್ನು 85 ಬಾರ್ ಮೇಲೆ ದಟ್ಟ ಸ್ಥಿತಿಯಲ್ಲಿ (ದ್ರವದಂತೆ ಒತ್ತಿ) ಕಳಿಸುವ ಯೋಚನೆ, ಆಗದಿದ್ದರೆ ಹೈಡ್ರೋಜನ್. ಇಷ್ಟು ಟಫ್‌ನೆಸ್ (ಬಿರುಕು ತಡೆಯುವ ಗುಣ) ಇದ್ದಮೇಲೆ ಎರಡರಲ್ಲೂ ಬಿರುಕಿನ ಚಿಂತೆ ಬಿಡಬಹುದಲ್ಲವೇ?

ದಟ್ಟಾನಿಲ:
ಸಿಒ2ಗಂತೂ ಬಿಡುವ ಹಾಗಿಲ್ಲ. ಪೈಪು ಸೀಳಿದಾಗ ಮೀಥೇನ್‌ನ ಒತ್ತಡ ಸರಾಗವಾಗಿ ಇಳಿಯುತ್ತದೆ. ದಟ್ಟ ಸಿಒ2 ಹಾಗಲ್ಲ: ಪರ್ಯಾಪ್ತ ಒತ್ತಡ ತಲುಪಿದೊಡನೆ ಕುದಿಯಲು ಶುರುವಾಗಿ ಒತ್ತಡ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಶುದ್ಧ ಸಿಒ2ಗೆ 20 ಡಿಗ್ರಿಯಲ್ಲಿ ಅದು 57 ಬಾರ್. ಸೀಳುವಾಗ ತುಸು ತಣ್ಣಗಾಗುವುದರಿಂದ ನಿಮ್ಮಲ್ಲಿ 50ಕ್ಕಿಂತ ಸ್ವಲ್ಪ ಮೇಲೆ ಎನ್ನಿ. ಓಡುವ ಬಿರುಕಿನ ತುದಿಯನ್ನು ಈ ಒತ್ತಡ ಬಿಡದೆ ತಳ್ಳುತ್ತಿರುತ್ತದೆ.

ಈಗ ಬ್ಯಾಟೆಲ್ ಎರಡು-ರೇಖೆ ವಿಧಾನ (ಬಿರುಕಿನ ವೇಗವನ್ನು ಒತ್ತಡ ಇಳಿಯುವ ವೇಗದೊಡನೆ ಹೋಲಿಸುವ ಲೆಕ್ಕ) ಹಾಕಿ. ಫ್ಲೋ ಸ್ಟ್ರೆಸ್ (ಯೀಲ್ಡ್ ಬಲಕ್ಕಿಂತ ತುಸು ಮೇಲೆ ಹಿಡಿಯುವ ಲೆಕ್ಕದ ಬಲ) 415 + 69 = 484 ಎಂಪಿಎ. ಟಫ್‌ನೆಸ್ ಅನಂತ ಎಂದುಕೊಂಡರೂ ಬಿರುಕು ನಿಲ್ಲುವ ಹೂಪ್ ಸ್ಟ್ರೆಸ್ (ಗೋಡೆಯ ಸುತ್ತಳತೆಯ ದಿಕ್ಕಿನ ಎಳೆತ) 484 ÷ 3.33, ಅಂದರೆ 145 ಎಂಪಿಎ ದಾಟುವುದಿಲ್ಲ. ನಿಮ್ಮ ಗೋಡೆಗೆ ಅದು 45 ಬಾರ್, ಸಿಒ2 ಕಚ್ಚಿಕೊಂಡು ನಿಲ್ಲುವ 50ಕ್ಕಿಂತ ಕಡಿಮೆ; ಹಾಗಾಗಿ ಬಿರುಕು ನಿಲ್ಲುವುದಿಲ್ಲ. ಚಾರ್ಪಿ 150 ಇರಲಿ, 400 ಇರಲಿ, ಉತ್ತರ ಅದೇ: ಕೊರತೆ ಇರುವುದು ಗೋಡೆ ದಪ್ಪದಲ್ಲಿ. ಸಾಲದ್ದಕ್ಕೆ ನೈಟ್ರೋಜನ್, ಹೈಡ್ರೋಜನ್ ಕೆಲವೇ ಶೇಕಡ ಬೆರೆತರೂ ಆ ಒತ್ತಡ ಇನ್ನೂ ಮೇಲೇರುತ್ತದೆ. ಪೂರ್ಣಗಾತ್ರದ ಸಿಒ2 ಪರೀಕ್ಷೆಗಳಲ್ಲಿ ಈ ವಿಧಾನ ಹೇಳಿದ್ದಕ್ಕಿಂತ ದೂರ ಬಿರುಕು ಓಡಿದ್ದೂ ಇದೆ. ದಟ್ಟ ಸ್ಥಿತಿಯೇ ಬೇಕೆಂದರೆ ಕ್ರ್ಯಾಕ್ ಅರೆಸ್ಟರ್ (ಬಿರುಕು ನಿಲ್ಲಿಸುವ ಬಿಗಿಪಟ್ಟಿ) ಕೂರಿಸಬೇಕು. ಇಲ್ಲವೇ ಅನಿಲ ಸ್ಥಿತಿಯಲ್ಲಿ 30–35 ಬಾರ್‌ಗೆ ಇಳಿಸಿ. ನೆಲ 5 ಡಿಗ್ರಿಗೆ ತಣ್ಣಗಾದರೂ ದ್ರವವಾಗುವುದು 40 ಬಾರ್ ಹತ್ತಿರ. ಸಾಗಣೆ ಮಾತ್ರ ಬಹಳ ಕಡಿಮೆಯಾಗುತ್ತದೆ.

ಬೆಸುಗೆಗೆರೆ:
ಹೈಡ್ರೋಜನ್‌ನ ಕಥೆ ತಿರುವುಮುರುವು. ಅದರಲ್ಲಿ ಶಬ್ದವೇಗ ಸೆಕೆಂಡಿಗೆ ಸುಮಾರು 1300 ಮೀಟರ್. ಬಿರುಕಿಗಿಂತ ಮೊದಲೇ ಒತ್ತಡ ಇಳಿದುಹೋಗುವುದರಿಂದ ಓಡುವ ಬಿರುಕಿನ ಭಯ ಕಡಿಮೆ. ಭಯ ಇರುವುದು ಫಟೀಗ್‌ನಲ್ಲಿ (ಮತ್ತೆ ಮತ್ತೆ ಏರಿಳಿಯುವ ಹೊರೆಯಿಂದ ಬಿರುಕು ಬೆಳೆಯುವುದು). ಲೈನ್‌ಪ್ಯಾಕ್‌ಗೆಂದು (ಪೈಪಿನಲ್ಲೇ ಅನಿಲ ಕೂಡಿಡಲು) ದಿನವೂ ಒತ್ತಡ ಏರಿಳಿಸಿದರೆ ಹಳೇ ದೋಷಗಳು ಗಾಳಿಯಲ್ಲಿ ಬೆಳೆಯುವುದಕ್ಕಿಂತ ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ವೇಗದಲ್ಲಿ ಬೆಳೆಯುತ್ತವೆ.

ಇಲ್ಲಿ ಚಾರ್ಪಿ ಏನನ್ನೂ ಹೇಳುವುದಿಲ್ಲ. ಸುತ್ತಿಗೆ ಏಟು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಹೈಡ್ರೋಜನ್ ಪರಮಾಣು ಉಕ್ಕಿನೊಳಗೆ ಹೊಕ್ಕು ಬಿರುಕಿನ ತುದಿ ಸೇರುವುದಕ್ಕೆ ಸಮಯ ಬೇಕು. ಮಾದರಿಯನ್ನು ಒತ್ತಡದ ಹೈಡ್ರೋಜನ್‌ನಲ್ಲೇ ಇಟ್ಟು ನಿಧಾನವಾಗಿ ಎಳೆಯಬೇಕು. ಹೈಡ್ರೋಜನ್ ಪೈಪುಗಳ ಅಮೆರಿಕನ್ ನಿಯಮಾವಳಿ ಎಎಸ್‌ಎಂಇ ಬಿ31.12ರ ಆಪ್ಷನ್ ಬಿ ಹೈಡ್ರೋಜನ್‌ನಲ್ಲಿ ಕೇಳುವ ಕನಿಷ್ಠ ಟಫ್‌ನೆಸ್ 55 ಎಂಪಿಎ√ಮೀ. ಆ ಪರೀಕ್ಷೆ ಮಾಡದೆ ಆಪ್ಷನ್ ಎ ಹಿಡಿದರೆ ಡಿಸೈನ್ ಫ್ಯಾಕ್ಟರ್ 0.5, ನಿಮ್ಮ 93 ಬಾರ್ 65ಕ್ಕೆ ಅಥವಾ ಅದಕ್ಕೂ ಕೆಳಗೆ ಬರುತ್ತದೆ. ಮೂಲ ಲೋಹ ಸಾಮಾನ್ಯವಾಗಿ ಪಾಸಾಗುತ್ತದೆ. ಎಡವುವುದು ಸುತ್ತುಬೆಸುಗೆಯ ಶಾಖಪೀಡಿತ ವಲಯದಲ್ಲಿ. ಅಲ್ಲಿ ಗಡಸುತನ 250 ಎಚ್‌ವಿ (ವಿಕರ್ಸ್ ಮಾಪನ) ದಾಟಿದ ಕಲೆಗಳನ್ನು ಮೊದಲು ಹುಡುಕಿ.

ಕೊಳವೆಲೆಕ್ಕ:
ಅನಿಲ ಸ್ಥಿತಿಯ ಸಿಒ2 ಎಂದರೆ ನೀರಿನ ಮಿತಿ ಸಡಿಲಿಸಬಹುದೇ?

ದಟ್ಟಾನಿಲ:
ಬೇಡ. ನೀರು ಬೇರ್ಪಡುವುದೊಂದೇ ಅಪಾಯವಲ್ಲ. ಎನ್‌ಒ2, ಎಸ್‌ಒ2, ಎಚ್2ಎಸ್, ಆಕ್ಸಿಜನ್ ಒಟ್ಟಿಗೆ ಸೇರಿದರೆ ನೀರು ಕರಗುವ ಮಿತಿಗಿಂತ ಎಷ್ಟೋ ಕೆಳಗೇ ಸಲ್ಫ್ಯೂರಿಕ್, ನೈಟ್ರಿಕ್ ಆಮ್ಲ ಇಳಿಯುತ್ತದೆ. ನಾರ್ವೆಯ ಸಿಒ2 ಸಂಗ್ರಹ ಯೋಜನೆ ನಾರ್ದರ್ನ್ ಲೈಟ್ಸ್ ತನ್ನ ದ್ರವ ಸಿಒ2ಗೆ ನೀರನ್ನು 30 ಪಿಪಿಎಂಗೆ ಕಟ್ಟಿಹಾಕಿದೆ. ಬೇರೆಬೇರೆ ಕಾರ್ಖಾನೆಗಳ ಅನಿಲ ಒಂದೇ ಲೈನಿಗೆ ಬರುವುದಿದ್ದರೆ ಪ್ರತಿಯೊಂದನ್ನೂ ಬೆರೆಯುವ ಮುಂಚೆಯೇ ಅಳೆಯಿರಿ. ಒಬ್ಬರ ಎನ್‌ಒ2 ಇನ್ನೊಬ್ಬರ ಎಚ್2ಎಸ್ ಜತೆ ಸೇರುವುದು ಬೆರೆತ ಮೇಲೆಯೇ.