ತಮ್ಮ ಸಾಹಸ ನಿರ್ದೇಶಕನಾಗಬೇಕೆನ್ನುತ್ತಾನೆ: ಒಪ್ಪಿಗೆ ಕೊಡಬಹುದೇ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈಗ 21 ವರ್ಷ. ಐಟಿಐಯಲ್ಲಿ ಫಿಟ್ಟರ್ ತರಬೇತಿ ಮುಗಿಸಿದ್ದಾನೆ. ಚಿಕ್ಕಂದಿನಿಂದ ನಮ್ಮ ಓಣಿಯ ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆದವನು. ಬೆಂಗಳೂರಿಗೆ ಹೋಗಿ ಸಿನಿಮಾದಲ್ಲಿ ಫೈಟರ್ ಆಗಿ ಸೇರಿ, ಮುಂದೆ ಸಾಹಸ ನಿರ್ದೇಶಕನಾಗುತ್ತೇನೆಂದು ಹಟ ಹಿಡಿದಿದ್ದಾನೆ. ತಂದೆಯವರು ಇಲ್ಲದ ಮನೆಯಲ್ಲಿ ಒಪ್ಪಿಗೆ ಕೊಡಬೇಕಾದವಳು ನಾನು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮುಳುಗಿ ಸತ್ತ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದ ನಮ್ಮ ಅಮ್ಮ, ಈ ಮಾತು ಎತ್ತಿದರೆ ಇಂದಿಗೂ ಅರ್ಧ ಊಟಕ್ಕೆ ಎದ್ದುಬಿಡುತ್ತಾರೆ. ಈ ವೃತ್ತಿಯ ದಾರಿ ಹೇಗಿರುತ್ತದೆ, ಇದರಲ್ಲಿ ಬಾಳು ಕಟ್ಟಿಕೊಳ್ಳಲು ಆಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಬೆಂಗಳೂರಿನಿಂದ, ಸಹಾಯಕ ಸಾಹಸ ನಿರ್ದೇಶಕ)

ತಂಗಿ, ನಾನು ಈ ಕೆಲಸಕ್ಕೆ ಬಂದು 19 ವರ್ಷಗಳಾದವು. ಮೊದಲು ಫೈಟರ್ ಆಗಿ ಗುಂಪಿನಲ್ಲಿ ಹೊಡೆಸಿಕೊಳ್ಳುವುದು, ಆಮೇಲೆ ನಾಯಕನಟರಿಗೆ ಡ್ಯೂಪ್, ಅನಂತರ ಮಾಸ್ಟರ್ ಕೈಕೆಳಗೆ ಸಹಾಯಕ, ಕೊನೆಗೆ ಸ್ವತಂತ್ರವಾಗಿ ಫೈಟ್ ಕಂಪೋಸ್ ಮಾಡುವ ಅವಕಾಶ: ದಾರಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಸಾಹಸ ಕಲಾವಿದರ ಸಂಘದ ಕಾರ್ಡ್ ಇಲ್ಲದೆ ನೆಚ್ಚಿಕೊಳ್ಳುವಂಥ ಕೆಲಸ ಸಿಗುವುದು ಕಷ್ಟ.

ಗರಡಿಯ ಮೈ ಇರುವುದು ಒಳ್ಳೆಯದೇ. ಆದರೆ ಕುಸ್ತಿಯಲ್ಲಿ ಬೀಳದಿರಲು ಕಲಿತವನು ಇಲ್ಲಿ ಬೀಳುವುದನ್ನು ಕಲಿಯಬೇಕು. ಎತ್ತರದಿಂದ ಜಿಗಿಯುವ ದೃಶ್ಯಕ್ಕೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಸಾಲು ಸಾಲಾಗಿ ಏರಿಸಿ, ಸುತ್ತ ಹಗ್ಗ ಬಿಗಿದು, ಮೇಲೆ ಹಾಸಿಗೆ ಹಾಸುತ್ತೇವೆ. ಪೆಟ್ಟಿಗೆಯ ಬಾಯಿಗೆ ಟೇಪ್ ಅಂಟಿಸಬಾರದು, ಏಕೆಂದರೆ ಮೈ ಬಿದ್ದಾಗ ಒಳಗಿನ ಗಾಳಿ ಹೊರಗೆ ಹೋಗಿ ಪೆಟ್ಟಿಗೆ ಮೆಲ್ಲನೆ ಕುಸಿಯಬೇಕು. ನಾನು ಸೇರಿದ ಮೂರನೆಯ ವರ್ಷ, ಬೆಳಕು ಹೋಗುತ್ತದೆಂಬ ಅವಸರದಲ್ಲಿ, ಹಿಂದಿನ ಜಿಗಿತಕ್ಕೆ ನಜ್ಜಾಗಿದ್ದ ಕೆಳಸಾಲಿನ ಪೆಟ್ಟಿಗೆಗಳನ್ನು ಯಾರೂ ಬದಲಿಸಲಿಲ್ಲ. ನಾನೂ ಬಗ್ಗಿ ನೋಡಲಿಲ್ಲ. ಎಡಗಾಲಿನ ಹಿಮ್ಮಡಿಯ ಮೂಳೆ ಒಡೆದು ಏಳು ತಿಂಗಳು ಮನೆಯಲ್ಲಿ ಕುಳಿತೆ. ಅಂದಿನಿಂದ ಪ್ರತಿ ಶಾಟ್‌ಗೆ ಮೊದಲು ಕೆಳಸಾಲಿನ ಪೆಟ್ಟಿಗೆಗಳನ್ನು ಕೈಯಿಂದ ಒತ್ತಿ ನೋಡುತ್ತೇನೆ. ಹೊಡೆದಾಟವನ್ನು ಹೊಸೆಯುವ ಕಲ್ಪನೆ ಮಾಸ್ಟರಿಗೆ ಇರಲೇಬೇಕು. ಆದರೆ ನಿರ್ಮಾಪಕರು, ನಿರ್ದೇಶಕರು, ಸ್ವತಃ ನಾಯಕನಟರೇ ಅವಸರಪಡಿಸುತ್ತಿರುವಾಗ ‘ಇವತ್ತು ಈ ಶಾಟ್ ಬೇಡ’ ಎಂದು ಹೇಳಿ ಆ ಮಾತಿಗೆ ನಿಲ್ಲುವ ಎದೆ ಇಲ್ಲದಿದ್ದರೆ ಅವನನ್ನು ನಾನು ಮಾಸ್ಟರ್ ಎಂದು ಒಪ್ಪುವುದಿಲ್ಲ.

ಉತ್ತರ 2 (ಮೈಸೂರಿನಿಂದ, ಭೌತಶಾಸ್ತ್ರ ಅಧ್ಯಾಪಕಿ)

ಮೇಲಿನವರು ಹೇಳಿದ ಪೆಟ್ಟಿಗೆಗಳ ಲೆಕ್ಕವನ್ನು ನಾನು ತರಗತಿಯಲ್ಲಿ ಪಾಠವಾಗಿ ಮಾಡುತ್ತೇನೆ. 5 ಮೀಟರ್ ಎತ್ತರದಿಂದ ಬೀಳುವ ದೇಹ ಕೆಳಗೆ ತಲುಪುವಾಗ ಅದರ ವೇಗ ಗಂಟೆಗೆ ಸುಮಾರು 36 ಕಿ.ಮೀ. ಇರುತ್ತದೆ. ಪೆಟ್ಟಿಗೆಗಳು 1 ಮೀಟರಿನಷ್ಟು ಕುಸಿಯುತ್ತಾ ಆ ದೇಹವನ್ನು ನಿಲ್ಲಿಸಿದರೆ ಅದರ ಮೇಲೆ ಬೀಳುವ ಸರಾಸರಿ ಬಲ ದೇಹತೂಕದ ಸುಮಾರು 6 ಪಟ್ಟು. ನಜ್ಜಾದ ಪೆಟ್ಟಿಗೆಗಳು 10 ಸೆಂಟಿಮೀಟರ್ ಮಾತ್ರ ಕುಸಿದರೆ ಅದು ಸುಮಾರು 51 ಪಟ್ಟಾಗುತ್ತದೆ. ಜಿಗಿದವನ ಧೈರ್ಯ ಎರಡೂ ಸಲ ಒಂದೇ. ಐಟಿಐ ಓದು ವ್ಯರ್ಥವಾಯಿತೆಂದು ನೀವು ಕೊರಗಬೇಕಾಗಿಲ್ಲ: ರೋಪ್, ರಾಟೆ, ಹಾರ್ನೆಸ್, ಕಾರು ಮಗುಚುವ ರ‍್ಯಾಂಪ್, ಇವೆಲ್ಲವೂ ಫಿಟ್ಟರ್ ಆದವನ ಕೈಗೆ ಒಗ್ಗುವ ಕೆಲಸಗಳು.

ಉತ್ತರ 3 (ಮಂಗಳೂರಿನಿಂದ)

ಬಾಳು ಕಟ್ಟಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಜಾಲಿ ಬಾಸ್ಟಿನ್ ಅವರನ್ನು ನೆನೆಯೋಣ. ಕೇರಳದ ಆಲಪ್ಪುಳದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಅವರು ಮೊದಲು ಬೈಕ್ ಮೆಕ್ಯಾನಿಕ್ ಆಗಿದ್ದರು. 1987ರ ‘ಪ್ರೇಮಲೋಕ’ದಲ್ಲಿ ರವಿಚಂದ್ರನ್ ಅವರಿಗೆ ಡ್ಯೂಪ್ ಆಗಿ ಬೈಕ್ ಓಡಿಸಿ ಚಿತ್ರರಂಗಕ್ಕೆ ಬಂದು, 2023ರ ಡಿಸೆಂಬರ್ 26ರಂದು ಹೃದಯಾಘಾತದಿಂದ ತೀರಿಕೊಳ್ಳುವ ಹೊತ್ತಿಗೆ ಹಲವು ಭಾಷೆಗಳ ನೂರಾರು ಚಿತ್ರಗಳಿಗೆ ಸಾಹಸ ಸಂಯೋಜಿಸಿದ್ದರು. ಮಲಯಾಳದ ‘ಬೆಂಗಳೂರ್ ಡೇಸ್’ನಲ್ಲಿಯೂ ಸಾಹಸ ಅವರದೇ. ನಮ್ಮ ಥ್ರಿಲ್ಲರ್ ಮಂಜು ಅವರು ಫೈಟ್ ಮಾಸ್ಟರ್ ಆಗಿದ್ದುಕೊಂಡೇ 1996ರಲ್ಲಿ ‘ಪೊಲೀಸ್ ಸ್ಟೋರಿ’ಯನ್ನು ನಿರ್ದೇಶಿಸಿ ಗೆದ್ದರು.

ಗೌರವ ಮಾತ್ರ ತೀರಾ ತಡವಾಗಿ ಬಂದಿದೆ, ಅದು ನನಗೆ ಇಂದಿಗೂ ನೋವಿನ ಸಂಗತಿ. ರಾಷ್ಟ್ರಪ್ರಶಸ್ತಿಗಳಲ್ಲಿ ಸಾಹಸಕ್ಕೆಂದೇ ಪ್ರಶಸ್ತಿ ಸೇರಿದ್ದು 2016ರ ಚಿತ್ರಗಳಿಂದ. ಮೊದಲಿಗೆ ಪಡೆದವರು ಮಲಯಾಳದ ‘ಪುಲಿಮುರುಗನ್’ಗಾಗಿ ಪೀಟರ್ ಹೈನ್. ‘ಕೆಜಿಎಫ್’ನ ಎರಡೂ ಭಾಗಗಳಿಗೆ ಆ ಪ್ರಶಸ್ತಿ ಸಿಕ್ಕಿತೆಂಬುದು ಕನ್ನಡಿಗರಿಗೆ ಹೆಮ್ಮೆ. ಆಸ್ಕರ್ ಕೂಡ 2028ರಿಂದ ಸಾಹಸ ವಿನ್ಯಾಸಕ್ಕೆ ಪ್ರಶಸ್ತಿ ಕೊಡುವುದಾಗಿ ಈಚೆಗೆ ಪ್ರಕಟಿಸಿದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರ ಮಾತುಗಳನ್ನು ಅಮ್ಮನಿಗೆ ಓದಿ ಹೇಳಿದೆ. ಹಿಮ್ಮಡಿ ಒಡೆದ ಸಂಗತಿ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು, ಆದರೆ ಈ ಸಲ ಎದ್ದು ಹೋಗಲಿಲ್ಲ. ‘ಆ ಏಳು ತಿಂಗಳು ಅವರ ಮನೆ ಹೇಗೆ ನಡೆಯಿತು ಅಂತ ಕೇಳು’ ಎಂದರು. ಅದನ್ನೇ ಕೇಳುತ್ತಿದ್ದೇನೆ, ಅಣ್ಣ.

ಉತ್ತರ 1 ಬರೆದವರಿಂದ

ಅಮ್ಮ ಸರಿಯಾದದ್ದನ್ನೇ ಕೇಳಿದ್ದಾರೆ. ಆಸ್ಪತ್ರೆಯ ಖರ್ಚಿನ ಒಂದು ಭಾಗವನ್ನು ನಿರ್ಮಾಪಕರು ಕೊಟ್ಟರು, ಉಳಿದದ್ದಕ್ಕೆ ಜೊತೆಯ ಫೈಟರ್‌ಗಳು ತಮ್ಮ ದಿನಗೂಲಿಯಿಂದ ಚಂದಾ ಎತ್ತಿದರು. ಮನೆ ನಡೆದದ್ದು ನನ್ನ ಹೆಂಡತಿಯ ಹೊಲಿಗೆ ಯಂತ್ರದಿಂದ. ಆದ್ದರಿಂದ ತಮ್ಮನ ಹೆಸರಿನಲ್ಲಿ ಮೊದಲೇ ಅಪಘಾತ ವಿಮೆ ಮಾಡಿಸಿ. ಅಪಾಯಕಾರಿ ವೃತ್ತಿಯನ್ನು ಹೊರಗಿಡುವ ಪಾಲಿಸಿಗಳು ಇರುವುದರಿಂದ ಫಾರಂನಲ್ಲಿ ಕೆಲಸವನ್ನು ಮುಚ್ಚಿಡದೆ ಬರೆದು, ಷರತ್ತುಗಳನ್ನು ಓದಿಯೇ ಸಹಿ ಹಾಕಬೇಕು. ಅವನು ಬಂದ ಮೇಲೆ ಮೊದಲ ಆರು ತಿಂಗಳು ಜಿಗಿಯಲು ಯಾರಾದರೂ ಹೇಳಿದರೂ ಜಿಗಿಯಬಾರದು. ಪೆಟ್ಟಿಗೆ ಜೋಡಿಸಲಿ, ಹಗ್ಗ ಕಟ್ಟಲಿ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಲಿ.