ಎಕ್ಸ್‌ಟಿಸಿಯ ‘ಸ್ಕೈಲಾರ್ಕಿಂಗ್’ ಮತ್ತೆ ಕೇಳಿದೆ, ಇಷ್ಟು ಸಪ್ಪೆ ಇತ್ತಾ?

ಹಳೇ ಇಯರ್‌ಫೋನ್: ಇಂಗ್ಲೆಂಡಿನ ಎಕ್ಸ್‌ಟಿಸಿ ಬ್ಯಾಂಡಿನ, ಒಂದು ಕಾಲದಲ್ಲಿ ದಿನಾ ಕೇಳುತ್ತಿದ್ದ ಆಲ್ಬಮ್ ಇದು. ಸಿಡಿಯಿಂದ ಕಾಪಿ ಮಾಡಿಕೊಂಡ ಫೈಲು, ಅಗ್ಗದ ಇಯರ್‌ಫೋನ್, ಅಷ್ಟೇ. ನಿನ್ನೆ ಅದೇ ಫೈಲನ್ನು ಒಳ್ಳೆ ಸ್ಪೀಕರ್‌ನಲ್ಲಿ ಹಾಕಿದೆ. ಶುರುವಿನ ಹುಳುಗಳ ಗುಂಯ್ ಸದ್ದು ಕೇಳಿ ಖುಷಿಯಾಯಿತು. ಆದರೆ ಡ್ರಮ್ಸ್, ಬೇಸ್ ಬಂದ ಮೇಲೆ ಯಾಕೋ ನೀರು ಬೆರೆಸಿದ ಹಾಗಿತ್ತು. ನನ್ನ ಕಿವಿ ಬದಲಾಗಿದೆಯಾ, ಇಲ್ಲ ಮೊದಲಿಂದಲೂ ಹೀಗೇ ಇತ್ತಾ?

ಬೇಸ್ ಹುಚ್ಚ: ಕಿವಿ ಸರಿಯಾಗೇ ಇದೆ. 1986ರ ಆ ರೆಕಾರ್ಡಿಂಗ್‌ನಲ್ಲಿ ಪೊಲಾರಿಟಿ ತಲೆಕೆಳಗಾಗಿತ್ತು. ಅಂದರೆ ಸ್ಪೀಕರ್ ಮುಂದೆ ತಳ್ಳಬೇಕಾದ ಕಡೆ ಹಿಂದಕ್ಕೆ ಎಳೆಯುತ್ತದೆ. ಸೌಂಡ್ ತೆಳ್ಳಗಿದೆ ಅಂತ ಬ್ಯಾಂಡಿನ ಹಾಡುಗಾರ ಆ್ಯಂಡಿ ಪಾರ್ಟ್ರಿಡ್ಜ್ ಮೊದಲಿಂದಲೂ ಗೊಣಗುತ್ತಿದ್ದ. ಎಷ್ಟೋ ವರ್ಷ ಆದ ಮೇಲೆ ಮಾಸ್ಟರಿಂಗ್ ಎಂಜಿನಿಯರ್ ಜಾನ್ ಡೆಂಟ್ ತಪ್ಪು ಹಿಡಿದ. 2010ರಲ್ಲಿ ಸರಿಮಾಡಿದ ಎಲ್‌ಪಿ ಬಂತು. ಅದನ್ನು ಕೇಳಿ, ಆಮೇಲೆ ಮಾತಾಡೋಣ.

ಬಿ ಸೈಡ್: ಪೊಲಾರಿಟಿ ಸರಿ, ಆದರೆ ಎಲ್ಲದಕ್ಕೂ ಅದನ್ನೇ ಬೈಯಬೇಡಿ. ಪ್ರೊಡ್ಯೂಸರ್ ಟಾಡ್ ರಂಡ್‌ಗ್ರೆನ್ ಡೆಮೊ ಕೇಳಿ, ಯಾವ ಹಾಡು ಎಲ್ಲಿ ಬರಬೇಕು ಅಂತ ಮೊದಲೇ ಸಾಲಾಗಿ ಜೋಡಿಸಿಟ್ಟಿದ್ದ. ಪಾರ್ಟ್ರಿಡ್ಜ್‌ಗೂ ಅವನಿಗೂ ಸ್ಟುಡಿಯೊದಲ್ಲಿ ಒಂದು ದಿನವೂ ಸರಿಬರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಆದರೂ ಬೇಸಿಗೆಯ ಬಿಸಿಲಲ್ಲಿ ಶುರುವಾಗಿ ಕೊನೆಗೆ ಬೆಂಕಿ ಸುತ್ತ ಬಂದು ನಿಲ್ಲುತ್ತದಲ್ಲ, ಆ ಓಟ ರಂಡ್‌ಗ್ರೆನ್‌ದೇ. ಇನ್ನೊಂದು ಮಾತು, ಮೂಲ 14 ಹಾಡುಗಳಲ್ಲಿ 5 ಬ್ಯಾಂಡಿನ ಬೇಸ್ ವಾದಕ ಕಾಲಿನ್ ಮೌಲ್ಡಿಂಗ್ ಬರೆದದ್ದು. ಅವನನ್ನು ಯಾರೂ ಹೊಗಳುವುದೇ ಇಲ್ಲ, ನನಗೆ ಅದೇ ಸಿಟ್ಟು.

ಬೇಸ್ ಹುಚ್ಚ: ಮೌಲ್ಡಿಂಗ್ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಡೇವ್ ಗ್ರೆಗರಿಯನ್ನೂ ಮರೆಯಬೇಡಿ ಮಾರಾಯ್ರೆ, ಆರನೇ ಹಾಡಿನ ಪಿಟೀಲುಗಳ ಏರ್ಪಾಡು ಪೂರ್ತಿ ಅವನದೇ. ಗಿಟಾರ್‌ನವನು ಮಾಡಿದ್ದು ಅಂದರೆ ನಂಬೋಕಾಗಲ್ಲ.

ಹಳೇ ಇಯರ್‌ಫೋನ್: ಸರಿಮಾಡಿದ್ದು ಸಿಕ್ಕಿತು, ಈಗಷ್ಟೇ ಪೂರ್ತಿ ಕೇಳಿ ಮುಗಿಸಿದೆ. ಬೇಸ್ ಈಗ ಎದೆಗೆ ತಾಗುತ್ತದೆ, ನೀವು ಹೇಳಿದ್ದು ನಿಜ. ಒಂದೇ ತಮಾಷೆ. ಐದನೇ ಹಾಡು ನಿಲ್ಲದೆ ಆರಕ್ಕೆ ಹರಿಯುವ ಜಾಗದಲ್ಲಿ ನನ್ನ ಫೈಲಲ್ಲಿ ಒಂದು ಚಿಕ್ಕ ‘ಟಕ್’ ಇತ್ತು, ಕಾಪಿ ಮಾಡುವಾಗ ಆದ ಎಡವಟ್ಟು. ಇದರಲ್ಲಿ ಇಲ್ಲವೇ ಇಲ್ಲ ಅಂತ ಗೊತ್ತಿದ್ದೂ ಅದಕ್ಕೇ ಕಾಯ್ತಾ ಕೂತಿದ್ದೆ.