ಬಿ.ಕಾಂ. ನಂತರ ಹಣಕಾಸು ಮತ್ತು ಕಾನೂನು ಎರಡನ್ನೂ ಓದಬೇಕೆಂದರೆ ಯಾವುದು ಮೊದಲು?

ರಾಯಬಾಗದ ವಿದ್ಯಾರ್ಥಿನಿ:
ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿ ಬಿ.ಕಾಂ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಸಾಲ, ವಸೂಲಿ, ದಿವಾಳಿ, ಕಂಪನಿ ವ್ಯವಹಾರ ಇಂಥ ವಿಷಯಗಳಲ್ಲಿ ಕೆಲಸ ಮಾಡಬೇಕೆಂಬ ಆಸೆಯಿದೆ. ಎಂ.ಬಿ.ಎ. ಫೈನಾನ್ಸ್ ಮುಗಿಸಿ ಆಮೇಲೆ ಎಲ್‌ಎಲ್‌.ಬಿ. ಮಾಡಬಹುದು. ಈಗಲೇ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಿ ಜೊತೆಯಲ್ಲೇ ಎಂ.ಕಾಂ. ಓದಬಹುದು. ಇಲ್ಲವೇ ಸಾಲ ಮಾಡಿಯಾದರೂ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುವ ವಿದೇಶಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಅಪ್ಪಾಜಿಗೆ ಇರುವುದು ನಾಲ್ಕು ಎಕರೆ ಕಬ್ಬಿನ ಹೊಲ. "ಎಷ್ಟು ಬೇಕಾದರೂ ಓದು, ಹೊಲದ ಮೇಲೆ ಬೋಜಾ (ಸಾಲದ ಹೊರೆ) ಮಾತ್ರ ಕೂರಿಸಬೇಡ" ಎಂದಿದ್ದಾರೆ. ತಿಳಿದವರು ದಾರಿ ತೋರಿಸಬೇಕೆಂದು ವಿನಂತಿ.

ವಿಜಯಪುರದ ಬ್ಯಾಂಕ್ ಅಧಿಕಾರಿ:
ತಂಗಿ, ನನ್ನ ಸಲಹೆ ಎಂ.ಬಿ.ಎ. ಮೊದಲು ಎಂಬುದೇ. ಎರಡು ವರ್ಷಗಳಲ್ಲಿ ಕೈಗೊಂದು ನೌಕರಿ ಸಿಗುತ್ತದೆ, ಸಾಲದ ಅರ್ಜಿಯನ್ನು ತೂಗಿ ನೋಡುವುದನ್ನು ಶಾಖೆಯಲ್ಲೇ ಕಲಿಯುತ್ತೀರಿ, ಕಾನೂನನ್ನು ಸಂಬಳ ಬರತೊಡಗಿದ ಮೇಲೆ ಓದಿದರೂ ನಡೆಯುತ್ತದೆ. ವಿದೇಶದ ವಿಚಾರದಲ್ಲಿ ಸ್ಪಷ್ಟವಾಗಿ ಹೇಳಬೇಕಾದದ್ದಿದೆ. ಶಿಕ್ಷಣ ಸಾಲ 7.5 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಸ್ಥಿರಾಸ್ತಿಯನ್ನು ಅಡವು ಕೇಳುತ್ತೇವೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯು ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವಾದ್ದರಿಂದ ಎಷ್ಟೋ ಶಾಖೆಗಳು ಹೊಲವನ್ನು ಇಂಥ ಸಾಲಕ್ಕೆ ಭದ್ರತೆಯಾಗಿ ಒಪ್ಪುವುದೇ ಇಲ್ಲ, ಮನೆಯನ್ನೋ ಬಿನ್‌ಶೇತ್ಕಿ (ಕೃಷಿಯೇತರ) ಪ್ಲಾಟನ್ನೋ ಕೇಳುತ್ತವೆ. ತಂದೆಯವರ ಷರತ್ತು ಆ ದಾರಿಯನ್ನು ಅರ್ಧ ಮುಚ್ಚಿದೆ, ಉಳಿದರ್ಧವನ್ನು ಬ್ಯಾಂಕೇ ಮುಚ್ಚಬಹುದು.

ಬೆಳಗಾವಿಯ ವಕೀಲ:
ಅಧಿಕಾರಿಗಳೇ, ನೌಕರಿ ಹಿಡಿದ ಮೇಲೆ ಕಾನೂನು ಓದಬಹುದು ಎಂಬ ಮಾತನ್ನು ನಾನು ಒಪ್ಪಲಾರೆ. ಎಲ್‌ಎಲ್‌.ಬಿ. ಅಂಚೆ ಮೂಲಕ ಮುಗಿಸುವ ಪದವಿಯಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಶೇ 70ರಷ್ಟು ಹಾಜರಾತಿಯನ್ನು ಕಡ್ಡಾಯಗೊಳಿಸಿವೆ. ಇಂಡಿಯಲ್ಲೋ ಸಿಂದಗಿಯಲ್ಲೋ ಶಾಖೆಯ ಕೌಂಟರಿನಲ್ಲಿ ಕುಳಿತವರು ಅದನ್ನು ತುಂಬುವುದು ಹೇಗೆ? ಪೂರ್ಣಾವಧಿ ಸಂಬಳದ ನೌಕರರು ವಕೀಲಿ ಮಾಡುವಂತೆಯೂ ಇಲ್ಲ. ನಿಮ್ಮದೇ ಬ್ಯಾಂಕುಗಳಲ್ಲಿ ಕಾನೂನು ಅಧಿಕಾರಿಯ ಹುದ್ದೆಗೆ ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು ಎಲ್‌ಎಲ್‌.ಬಿ. ಪದವಿ ಮತ್ತು ವಕೀಲರ ಪರಿಷತ್ತಿನಲ್ಲಿ ನೋಂದಣಿ, ಎಂ.ಬಿ.ಎ.ಯನ್ನಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಗ್ರೇಡ್ ಎ ಹುದ್ದೆಗಳ ಕಾನೂನು ವಿಭಾಗಕ್ಕೂ ಕಾನೂನು ಪದವಿಯೇ ಬೇಕು. ಆದ್ದರಿಂದ ಮೊದಲು ಸನದು (ವಕೀಲಿಯ ಪರವಾನಗಿ), ಉಳಿದದ್ದೆಲ್ಲ ಆಮೇಲೆ. ನೋಂದಣಿ ಶುಲ್ಕದ ಚಿಂತೆಯೂ ಈಗ ಬೇಡ. ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ.

ಬಾಗಲಕೋಟೆಯ ಉಪನ್ಯಾಸಕಿ:
ಎಲ್‌ಎಲ್‌.ಬಿ. ಜೊತೆಗೇ ಎಂ.ಕಾಂ. ಎಂಬ ಯೋಚನೆಯಲ್ಲಿ ಒಂದು ತೊಡಕಿದೆ, ಪ್ರತಿ ವರ್ಷ ಯಾರಾದರೂ ಅದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಎರಡು ಪದವಿಗಳನ್ನು ಏಕಕಾಲಕ್ಕೆ ಓದಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೇಳಿದ್ದನ್ನು ಎಲ್ಲರೂ ಓದಿದ್ದಾರೆ. ಆದರೆ ವಕೀಲರ ಪರಿಷತ್ತಿನ 2008ರ ನಿಯಮಗಳ 6ನೆಯ ನಿಯಮವು ಕಾನೂನು ಪದವಿಯ ಜೊತೆ ಬೇರೆ ಯಾವುದೇ ಪದವಿ, ಸ್ನಾತಕೋತ್ತರ ಪದವಿ ಅಥವಾ ಸರ್ಟಿಫಿಕೇಟ್ ಕೋರ್ಸಿಗೆ ನೋಂದಾಯಿಸಿಕೊಳ್ಳುವುದನ್ನು ತಡೆಯುತ್ತದೆ. ಭಾಷೆ ಅಥವಾ ಕಂಪ್ಯೂಟರಿನ ಅಲ್ಪಾವಧಿ ಕೋರ್ಸುಗಳಿಗೆ ಮತ್ತು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರ ನಡೆಸುವ ಕೋರ್ಸುಗಳಿಗೆ ಮಾತ್ರ ವಿನಾಯಿತಿಯಿದೆ. ಹಾಗಾಗಿ ರೆಗ್ಯುಲರ್ ಎಂ.ಕಾಂ. ಬೇಡ. ದೂರಶಿಕ್ಷಣದ ಎಂ.ಕಾಂ. ಆದರೂ ಪ್ರವೇಶಕ್ಕೆ ಮೊದಲೇ ಕಾನೂನು ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನೋಂದಣಿಯ ಹೊತ್ತಿಗೆ ನೆರವಿಗೆ ಬರುವುದಿಲ್ಲ.

ವಿದೇಶದ ಬಗ್ಗೆಯೂ ಹೇಳುತ್ತೇನೆ. ಆಕ್ಸ್‌ಫರ್ಡಿನ ಲಾ ಅಂಡ್ ಫೈನಾನ್ಸ್ ಎಂ.ಎಸ್‌ಸಿ. ಪದವಿಯನ್ನು ಕಾನೂನು ವಿಭಾಗ ಮತ್ತು ಅಲ್ಲಿನ ಸಯೀದ್ ಬಿಸಿನೆಸ್ ಸ್ಕೂಲ್ ಕೂಡಿ ನಡೆಸುತ್ತವೆ. ಅದಕ್ಕೆ ಮೊದಲ ಪದವಿ ಕಾನೂನಿನದೇ ಆಗಿರಬೇಕು, ಜೊತೆಗೆ ಗಣಿತದ ಹಿಡಿತವನ್ನೂ ನೋಡುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಗೋಯೆಥೆ ವಿಶ್ವವಿದ್ಯಾಲಯದ ಒಂದು ವರ್ಷದ ಎಲ್‌ಎಲ್‌.ಎಂ. ಫೈನಾನ್ಸ್ (ಹಣಕಾಸು ಕಾನೂನಿನ ಸ್ನಾತಕೋತ್ತರ ಪದವಿ) ವಾಣಿಜ್ಯ ಮತ್ತು ಅರ್ಥಶಾಸ್ತ್ರದವರನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಬಿ.ಕಾಂ. ಮೇಲೆ ಅದನ್ನು ಮುಗಿಸಿ ಊರಿಗೆ ಬಂದರೆ ಇಲ್ಲಿ ಕರಿ ಕೋಟು ತೊಡುವ ಹಕ್ಕು ಬರುವುದಿಲ್ಲ. ಈ ಪದವಿಗಳು ಒಳ್ಳೆಯವೇ. ಅವುಗಳ ಜಾಗ ಎಲ್‌ಎಲ್‌.ಬಿ. ಆದ ನಂತರ.

ಜಮಖಂಡಿಯ ಸಿ.ಎ.:
ವಕೀಲ ಸಾಹೇಬರ ಮಾತಿಗೆ ಗೌರವಪೂರ್ವಕವಾಗಿ ಒಂದು ಪ್ರಶ್ನೆ. ಕಂಪನಿಗಳ ಕಾಯ್ದೆ 2013ರ 432ನೆಯ ಕಲಮಿನ ಪ್ರಕಾರ ಸಿ.ಎ., ಕಂಪನಿ ಸೆಕ್ರೆಟರಿ (ಕಂಪನಿಯ ಕಾನೂನು ಪಾಲನೆ ನೋಡಿಕೊಳ್ಳುವವರು) ಮತ್ತು ಕಾಸ್ಟ್ ಅಕೌಂಟಂಟರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮುಂದೆ ವಾದಿಸಬಹುದು. ಜಿಎಸ್‌ಟಿ ಮೇಲ್ಮನವಿಯಲ್ಲೂ ಆದಾಯ ತೆರಿಗೆಯಲ್ಲೂ ನಾವು ಹಾಜರಾಗುತ್ತೇವೆ. ಹೀಗಿರುವಾಗ ಮೂರು ವರ್ಷ ಎಲ್‌ಎಲ್‌.ಬಿ.ಗೆ ಏಕೆ ಕೊಡಬೇಕು? ಕಂಪನಿ ಸೆಕ್ರೆಟರಿ ಕೋರ್ಸಿನಲ್ಲಿ ಕಂಪನಿ ಕಾನೂನು, ತೆರಿಗೆ, ಷೇರುಪೇಟೆಯ ನಿಯಮ ಎಲ್ಲವೂ ಇವೆ. ಪಾವತಿಯಾದ ಬಂಡವಾಳ 10 ಕೋಟಿ ರೂಪಾಯಿ ಮುಟ್ಟಿದ ಪ್ರೈವೇಟ್ ಕಂಪನಿಯೂ ಪೂರ್ಣಾವಧಿ ಕಂಪನಿ ಸೆಕ್ರೆಟರಿಯನ್ನು ಇಟ್ಟುಕೊಳ್ಳಲೇಬೇಕು. ಬೆಳಗಾವಿಯ ಫೌಂಡ್ರಿಗಳು ಬೆಳೆದಂತೆ ಆ ಕೆಲಸವೂ ಬೆಳೆಯುತ್ತದೆ.

ಬೆಳಗಾವಿಯ ವಕೀಲ:
ನ್ಯಾಯಮಂಡಳಿಯ ಮಟ್ಟದಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಆದರೆ ತೆರಿಗೆ ಪ್ರಕರಣದಲ್ಲಿ ಕಾನೂನಿನ ಮಹತ್ವದ ಪ್ರಶ್ನೆ ಎದ್ದು ಅದು ಹೈಕೋರ್ಟಿಗೆ ಹೋದ ದಿನ ನೀವು ಕಡತವನ್ನು ನಮ್ಮ ಕೈಗೆ ಕೊಡುತ್ತೀರಿ. ಆ ಕಡತವನ್ನು ಆರಂಭದಿಂದ ಬಲ್ಲವರು ನೀವು, ವಾದಿಸಬೇಕಾದವರು ನಾವು. ಎಷ್ಟೋ ಒಳ್ಳೆಯ ಪ್ರಕರಣಗಳು ಈ ಕೈಬದಲಿನಲ್ಲೇ ಸೊರಗುತ್ತವೆ. ಬೆಳಗಾವಿ, ಬಾಗಲಕೋಟೆಗಳಿಗೆ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ ಪೀಠ ಬಂದ ಮೇಲೆ ಇಂಥ ಕೆಲಸಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬ್ಯಾಲೆನ್ಸ್ ಶೀಟ್ ಓದಬಲ್ಲ ವಕೀಲರು ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ. ಈ ಹುಡುಗಿ ಆ ಕೊರತೆಯನ್ನು ತುಂಬಬಲ್ಲಳು ಎಂಬುದೇ ನನ್ನ ಆಸೆ.

ಜಮಖಂಡಿಯ ಸಿ.ಎ.:
ಹೈಕೋರ್ಟಿನ ವಿಷಯ ಒಪ್ಪಿದೆ. ಹಾಗಿದ್ದರೆ ಲೆಕ್ಕದ ಕಡೆ ಏನು ಕಲಿಯಬೇಕೆಂಬುದನ್ನು ನಮ್ಮ ಊರಿನ ಉದಾಹರಣೆಯಿಂದಲೇ ಹೇಳುತ್ತೇನೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಬಿಲ್ಲು ಪಾವತಿಯಾಗಬೇಕು, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಬೇಕು. ಒಂದು ಲಕ್ಷದ ಬಿಲ್ಲು ಗಡುವು ಮೀರಿ 90 ದಿನ ನಿಂತರೆ ಬಡ್ಡಿಯೇ ಸುಮಾರು 3,700 ರೂಪಾಯಿ. ಈಗ ಒಂದು ಕಾರ್ಖಾನೆಯ ಬ್ಯಾಲೆನ್ಸ್ ಶೀಟ್ ತೆಗೆದುಕೊಳ್ಳಿ. ಕಬ್ಬಿನ ಬಾಕಿ ಹೊಣೆಗಳ ಸಾಲಿನಲ್ಲಿ ಕಾಣುತ್ತದೆ. ಅದರ ಮೇಲಿನ ಬಡ್ಡಿಗೆ ಲೆಕ್ಕದಲ್ಲಿ ಹಣ ತೆಗೆದಿರಿಸಿದ್ದಾರೆಯೇ, ಸಂಭಾವ್ಯ ಹೊಣೆ (ಮುಂದೆ ಕೊಡಬೇಕಾಗಿ ಬರಬಹುದಾದ ಹಣ) ಎಂದು ಕೊನೆಯ ಟಿಪ್ಪಣಿಗಳಲ್ಲಿ ತೋರಿಸಿದ್ದಾರೆಯೇ, ಇಲ್ಲವೇ ಎಲ್ಲಿಯೂ ಅದರ ಸುಳಿವೇ ಇಲ್ಲವೇ ಎಂಬುದನ್ನು ಹುಡುಕುವವರು ಲೆಕ್ಕವನ್ನೂ ಕಾಯ್ದೆಯನ್ನೂ ಬಲ್ಲವರಾಗಿರಬೇಕು.

ಬೆಳಗಾವಿಯ ವಕೀಲ:
ನಿಮ್ಮ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಅದೇ ಕಾರ್ಖಾನೆ ಕಂಪನಿಯಾಗಿದ್ದು ದಿವಾಳಿಯ ಅಂಚಿಗೆ ಬಂದರೆ 2016ರ ದಿವಾಳಿ ಸಂಹಿತೆಯಡಿ ಸಾಲದಾತರ ಸಮಿತಿ ರಚನೆಯಾಗುತ್ತದೆ. ಪುನಶ್ಚೇತನದ ಯೋಜನೆಗೆ ಶೇ 66ರಷ್ಟು ಮತ ಬೇಕು. ಆ ಮತ ಇರುವುದು ಬ್ಯಾಂಕುಗಳಂಥ ಹಣಕಾಸು ಸಾಲದಾತರಿಗೆ. ಕಬ್ಬು ಕೊಟ್ಟ ರೈತನನ್ನು ಸರಕು ಪೂರೈಸಿದ ಸಾಲದಾತನೆಂದು ಎಣಿಸುವುದರಿಂದ ಅವನಿಗೆ ಮತವಿಲ್ಲ. ಕಂಪನಿ ಸಮಾಪನೆಗೆ (ಆಸ್ತಿ ಮಾರಿ ಮುಚ್ಚುವ ಹಂತಕ್ಕೆ) ಹೋದರೆ ಅದೇ ಸಂಹಿತೆಯ 53ನೆಯ ಕಲಮಿನ ಸರದಿಯಲ್ಲಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ 24 ತಿಂಗಳ ಬಾಕಿ, ಭದ್ರತೆ ಪಡೆದ ಬ್ಯಾಂಕುಗಳು ಎಲ್ಲ ಮುಂದೆ ನಿಲ್ಲುತ್ತವೆ, ರೈತನ ಸರದಿ ಬಹಳ ಹಿಂದೆ. ಪಕ್ಕದ ಊರಿನ ಕಾರ್ಖಾನೆ ಸಹಕಾರಿಯಾಗಿದ್ದರೆ ಈ ಸಂಹಿತೆಯ ದಾರಿಯೇ ಅಲ್ಲ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ದಾರಿ. ಬೆಳೆ ಒಂದೇ, ಬಾಕಿ ಒಂದೇ, ಕಾನೂನು ಬೇರೆ. ತಂದೆಯವರ ಬಿಲ್ಲು ಯಾವ ಕಾರ್ಖಾನೆಯಲ್ಲಿದೆ ಎಂಬುದರ ಮೇಲೆ ಅವರ ಹಕ್ಕು ನಿಂತಿದೆ.

ರಾಯಬಾಗದ ವಿದ್ಯಾರ್ಥಿನಿ:
ಈ ಕೊನೆಯ ಮಾತು ನನ್ನ ಮನಸ್ಸಿಗೆ ತುಂಬ ನಾಟಿತು. ಹಾಗಾದರೆ ಎಲ್‌ಎಲ್‌.ಬಿ. ಓದುತ್ತಲೇ ಕಂಪನಿ ಸೆಕ್ರೆಟರಿ ಪರೀಕ್ಷೆಗಳನ್ನೂ ಬರೆಯಬಹುದೇ? ಹಲವರು ಬರೆಯುತ್ತಿದ್ದಾರೆಂದು ಕೇಳಿದ್ದೇನೆ.

ಬಾಗಲಕೋಟೆಯ ಉಪನ್ಯಾಸಕಿ:
ಬರೆಯುವವರು ಇದ್ದಾರೆ ನಿಜ. ಆದರೆ 6ನೆಯ ನಿಯಮ ವಿಶ್ವವಿದ್ಯಾಲಯಗಳ ಜೊತೆ ವೃತ್ತಿಪರ ಕಲಿಕೆಯ ಸಂಸ್ಥೆಗಳನ್ನೂ ಹೆಸರಿಸುತ್ತದೆ. ನಾಳೆ ಸನದಿಗೆ ಅಡ್ಡಿಯಾಗಬಹುದಾದ ಕೆಲಸವನ್ನು ಎಲ್ಲರೂ ಮಾಡುತ್ತಾರೆಂದು ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ. ಕಾನೂನು ಮುಗಿದಾಗ ನಿಮಗೆ ಇಪ್ಪತ್ತನಾಲ್ಕರ ಆಸುಪಾಸು. ಆಗ ಕಂಪನಿ ಸೆಕ್ರೆಟರಿ ಕೋರ್ಸನ್ನೋ, ಪಿ.ಜಿ. ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಲ್‌ಎಲ್‌.ಎಂ. ಅನ್ನೋ ಆರಿಸಿಕೊಳ್ಳಬಹುದು. ದಿವಾಳಿ ಕ್ಷೇತ್ರವೇ ಬೇಕೆಂದರೆ ಮಾನೇಸರದ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆಯಲ್ಲಿ ಪದವೀಧರರಿಗಾಗಿ ದಿವಾಳಿ ಕಾನೂನಿನ ಎರಡು ವರ್ಷದ ಕಾರ್ಯಕ್ರಮವಿದೆ. ಬೇರೆ ದಾರಿಯಲ್ಲಿ ದಿವಾಳಿ ವೃತ್ತಿಪರರಾಗಲು (ದಿವಾಳಿ ಪ್ರಕ್ರಿಯೆಯನ್ನು ನಡೆಸುವವರಾಗಲು) ವಕೀಲರಿಗೂ ಹತ್ತು ವರ್ಷದ ಅನುಭವ ಬೇಕಾಗುತ್ತದೆ.

ವಿಜಯಪುರದ ಬ್ಯಾಂಕ್ ಅಧಿಕಾರಿ:
ಹಾಜರಾತಿಯ ಮಾತು ನನಗೆ ಒಪ್ಪಿಗೆಯಾಯಿತು. ಆದರೂ ಮನೆಗೆ ತಕ್ಷಣ ಆದಾಯ ಬೇಕಾಗಿರುವ ಮಕ್ಕಳಿಗೆ ಎಂ.ಬಿ.ಎ. ಮೊದಲು ಎಂಬ ನನ್ನ ಅಭಿಪ್ರಾಯ ಹಾಗೆಯೇ ಇದೆ. ಕಿರಿಯ ವಕೀಲರಿಗೆ ಮೊದಲ ವರ್ಷಗಳಲ್ಲಿ ಸಿಗುವ ಹಣ ಬಸ್ಸಿನ ಪಾಸಿಗೂ ಸಾಲದೆಂಬುದನ್ನು ವಕೀಲ ಸಾಹೇಬರು ಈ ಹುಡುಗಿಗೆ ಹೇಳಲೇಬೇಕು.

ಬೆಳಗಾವಿಯ ವಕೀಲ:
ಅದು ಸತ್ಯ, ಮುಚ್ಚಿಡುವುದಿಲ್ಲ. ತಂಗಿ, ಸನದು ಬಂದ ಮೇಲೆ ಎರಡು ವರ್ಷ ಮನೆಯಿಂದ ಆಸರೆ ಸಿಗುತ್ತದೆಯೇ ಎಂದು ತಂದೆಯವರ ಹತ್ತಿರ ಈಗಲೇ ಬಿಚ್ಚಿ ಮಾತಾಡಿ. ಸಿಗದಿದ್ದರೆ ಸನದು ಬಂದ ಕೂಡಲೇ ಬ್ಯಾಂಕಿನ ಕಾನೂನು ಅಧಿಕಾರಿಯ ಪರೀಕ್ಷೆಗೆ ಕುಳಿತುಕೊಳ್ಳಿ.

ರಾಯಬಾಗದ ವಿದ್ಯಾರ್ಥಿನಿ:
ಈ ವಾರ ಊರಿಗೆ ಹೋದಾಗ ಅಪ್ಪಾಜಿಯವರ ಹತ್ತಿರ ಇದನ್ನೇ ಕೇಳುತ್ತೇನೆ. ಅವರು ಒಪ್ಪಿದರೆ ಈ ವರ್ಷವೇ ಬೆಳಗಾವಿಯಲ್ಲಿ ಎಲ್‌ಎಲ್‌.ಬಿ.ಗೆ ಅರ್ಜಿ ಹಾಕುತ್ತೇನೆ. ಸಿ.ಎ. ಸರ್, ತರಗತಿ ಶುರುವಾಗುವವರೆಗೆ ನಾನು ಏನು ಓದಬೇಕು?

ಜಮಖಂಡಿಯ ಸಿ.ಎ.:
ಷೇರುಪೇಟೆಯಲ್ಲಿ ನೋಂದಾಯಿತವಾದ ಯಾವುದಾದರೂ ಸಕ್ಕರೆ ಕಂಪನಿಯ ಮೂರು ವರ್ಷಗಳ ವಾರ್ಷಿಕ ವರದಿಗಳನ್ನು ಇಳಿಸಿಕೊಳ್ಳಿ, ಹಣ ಕೊಡಬೇಕಿಲ್ಲ. ಅಧ್ಯಕ್ಷರ ಭಾಷಣ ಬಿಡಿ. ಲೆಕ್ಕಪರಿಶೋಧಕರ ವರದಿಯಿಂದ ಶುರುಮಾಡಿ, ಅಲ್ಲಿಂದ ನೇರವಾಗಿ ಸಂಭಾವ್ಯ ಹೊಣೆಗಳ ಟಿಪ್ಪಣಿಗೆ ಹೋಗಿ, ಅಲ್ಲಿ ಬಂದಿರುವ ಪ್ರತಿಯೊಂದು ವ್ಯಾಜ್ಯ ಯಾವ ಕಾಯ್ದೆಯದು, ಯಾವ ನ್ಯಾಯಾಲಯದಲ್ಲಿದೆ ಎಂದು ಒಂದು ವಹಿಯಲ್ಲಿ ಬರೆದುಕೊಳ್ಳಿ. ತಿಳಿಯದ್ದನ್ನು ಇಲ್ಲಿ ಕೇಳಿ, ಲೆಕ್ಕದ್ದಾದರೆ ನಾನು ಹೇಳುತ್ತೇನೆ, ಕಾನೂನಿನದಾದರೆ ವಕೀಲ ಸಾಹೇಬರಿದ್ದಾರೆ.